ವೈವಿಧ್ಯವೋ, ‘ಅವರಲ್ಲಿ ಅದು ಹಾಗೇ’ ಎಂಬ ನುಣುಚಿಕೆಯೋ?

(ಸ್ವಸಹಾಯ ಸಂಘಗಳ ಸದಸ್ಯೆಯರ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಇಂದು ಮಾತಾಡಲು ನನಗೆ ಕೊಟ್ಟಿರುವ ವಿಷಯ ‘ವೈವಿಧ್ಯ’. ಕೇಳಲು ಇಂಪಾದ ಮಾತು. ಸ್ವಾತಂತ್ರ್ಯ ದಿನದ ಭಾಷಣದಲ್ಲಿ, ಶಾಲೆಯ ಗೋಡೆಯ ಮೇಲೆ, ಸರ್ಕಾರಿ ಜಾಹೀರಾತಿನಲ್ಲಿ ಎಲ್ಲೆಲ್ಲೂ ಇದೆ. ಈಗ ನಮ್ಮ ಒಕ್ಕೂಟಗಳ ವಾರ್ಷಿಕ ವರದಿಗಳಿಗೂ ಬಂದು ಕೂತಿದೆ. ಎಲ್ಲರೂ ಇಷ್ಟು ಸಲೀಸಾಗಿ ಆಡುವ ಮಾತನ್ನು ಕಂಡರೆ ನನಗೆ ಸ್ವಲ್ಪ ಅನುಮಾನ. ಮಗನ ಮದುವೆಗೆ ಲಕ್ಷಗಟ್ಟಲೆ ಎಣಿಸಿಕೊಂಡ ಹಿರಿಯರು ಮರುದಿನ ವೇದಿಕೆ ಹತ್ತಿ ವೈವಿಧ್ಯದ ಬಗ್ಗೆ ಚೆಂದವಾಗಿ ಮಾತಾಡಬಲ್ಲರು. ಅದರಿಂದ ಅವರಿಗೆ ಒಂದು ಕಾಸಿನ ನಷ್ಟವೂ ಇಲ್ಲ. ಹಾಗಾದರೆ ಹೆಣ್ಣುಮಕ್ಕಳಾದ ನಮಗೆ ಈ ಮಾತಿನಿಂದ ಏನಾಗಬೇಕು? ಅದನ್ನು ಎಲ್ಲಿ ಆಡಬೇಕು, ಎಲ್ಲಿ ಆಡಬಾರದು? ಅದನ್ನು ನೋಡೋಣ.

ಮೊದಲು ಪದ. ‘ವಿವಿಧ’ ಎಂಬುದರಿಂದ ‘ವೈವಿಧ್ಯ’ ಬಂತು. ಅಷ್ಟೇ ಸಾಕು. ‘ವೈವಿಧ್ಯತೆ’ ಎಂದು ಬರೆಯುವವರು ಅಂಗಿಯ ಮೇಲೆ ಇನ್ನೊಂದು ಅಂಗಿ ತೊಡಿಸುತ್ತಾರೆ. ಅದೇನೂ ದೊಡ್ಡ ಅಪರಾಧವಲ್ಲ ಬಿಡಿ. ನಮ್ಮ ಅಡುಗೆಮನೆಯ ಕನ್ನಡದಲ್ಲಿ ಇದನ್ನೇ ಬಗೆಬಗೆ ಎನ್ನುತ್ತೇವೆ, ತರತರ ಎನ್ನುತ್ತೇವೆ. ‘ಬಗೆ’ ಎಂದರೆ ರೀತಿ. ಹಳಬರ ಮಾತಿನಲ್ಲಿ ‘ಬಗೆ’ ಎಂದರೆ ಮನಸ್ಸು, ಯೋಚನೆ ಕೂಡ. ಬಗೆದು ನೋಡು ಎನ್ನುತ್ತೇವಲ್ಲ, ಅದು.

ಇದರ ಪಕ್ಕದಲ್ಲೇ ಇನ್ನೊಂದು ಪದ ಇದೆ: ‘ಭೇದ’. ಪಂಕ್ತಿಭೇದ ಎಂದರೆ ಏನೆಂದು ನಿಮಗೆ ವಿವರಿಸಬೇಕಿಲ್ಲ. ಒಂದೇ ಊಟ, ಬೇರೆ ಬೇರೆ ಸಾಲು, ಕೆಲವರು ಒಳಗೆ, ಕೆಲವರು ಹೊರಗೆ. ಆ ಊಟಕ್ಕೂ ಬಗೆಬಗೆಯ ಜನ ಬಂದಿರುತ್ತಾರೆ. ದೂರದಿಂದ ಫೋಟೋ ತೆಗೆದರೆ ಎಲ್ಲ ಜಾತಿಯವರೂ ಅದರಲ್ಲಿ ಕಾಣುತ್ತಾರೆ. ಅದನ್ನು ವೈವಿಧ್ಯ ಎನ್ನೋಣವೇ? ಬೇರೆಯಾಗಿ ಇರುವುದು ಒಂದು, ಬೇರೆಯಾಗಿ ಕೂರಿಸುವುದು ಇನ್ನೊಂದು. ಮೊದಲನೆಯದಕ್ಕೆ ಇಟ್ಟ ಹೆಸರನ್ನು ಎರಡನೆಯದಕ್ಕೆ ಅಂಟಿಸುವುದೇ ಇವತ್ತಿನ ಕಸುಬು.

ವೈವಿಧ್ಯ ಒಳ್ಳೆಯದು ಎನ್ನುವುದಕ್ಕೆ ಹೊಲವನ್ನು ಉದಾಹರಣೆ ಕೊಡುತ್ತಾರೆ. ನಿಮಗೂ ಗೊತ್ತು, ರಾಗಿ ಹೊಲದ ನಡುನಡುವೆ ಅಕ್ಕಡಿ ಸಾಲು ಹಾಕುತ್ತೇವೆ. ಅವರೆ, ತೊಗರಿ, ಹುಚ್ಚೆಳ್ಳು, ಜೋಳ, ಹರಳು. ಮಳೆ ಕೈಕೊಟ್ಟು ರಾಗಿ ಹೋದರೂ ಅವರೆ ಕೈಹಿಡಿಯುತ್ತದೆ. ದ್ವಿದಳ ಬೆಳೆ ಮಣ್ಣಿಗೆ ಸಾರಜನಕ ಕೊಡುತ್ತದೆ. ಒಂದಕ್ಕೆ ಬಿದ್ದ ಹುಳ ಇಡೀ ಹೊಲವನ್ನು ತಿನ್ನುವುದಿಲ್ಲ. ಇದೆಲ್ಲ ನಿಜ, ನಮ್ಮ ಅಜ್ಜಿಯರಿಗೆ ಯಾವ ವಿಜ್ಞಾನಿಯೂ ಹೇಳಿಕೊಡದೆ ಗೊತ್ತಿದ್ದ ನಿಜ. ಆದರೆ ಹೋಲಿಕೆ ಅಲ್ಲಿಗೇ ನಿಲ್ಲುತ್ತದೆ. ಹೊಲದಲ್ಲಿ ಯಾವ ಸಾಲು ಎಲ್ಲಿ ಎಂದು ತೀರ್ಮಾನಿಸುವುದು ರೈತರು. ಅವರು ರಾಗಿಯೂ ಅಲ್ಲ, ಅವರೆಯೂ ಅಲ್ಲ. ಊರಿನಲ್ಲಿ ಯಾವ ಕೇರಿ ಎಲ್ಲಿರಬೇಕು, ಯಾರು ಯಾವ ಬಾವಿಯ ನೀರು ಸೇದಬೇಕು ಎಂದು ತೀರ್ಮಾನಿಸಿದವರು ಬೆಳೆಗಳಲ್ಲೇ ಒಬ್ಬರು.

ಈಗ ನಮ್ಮ ಸಂಘಗಳಿಗೆ ಬರೋಣ. ‘ನಮ್ಮ ಸಂಘದಲ್ಲಿ ವೈವಿಧ್ಯ ಇದೆ ಮೇಡಂ, ಆ ಕೇರಿಯ ಇಬ್ಬರು ಇದ್ದಾರೆ’ ಎನ್ನುವ ಮಾತು ಎಲ್ಲ ಕಡೆ ಕೇಳುತ್ತದೆ. ಸ್ವಲ್ಪ ನಿಂತು ಯೋಚಿಸಿ. ಹದಿನೆಂಟು ಮಂದಿ ಬರೀ ‘ಸದಸ್ಯೆಯರು’, ಉಳಿದ ಇಬ್ಬರು ‘ವೈವಿಧ್ಯ’! ಒಬ್ಬಳೇ ಹೆಂಗಸು ಹೇಗೆ ವಿವಿಧ ಆಗುತ್ತಾಳೆ? ಆಕೆ ದಲಿತೆ ಇರಬಹುದು, ಮುಸ್ಲಿಂ ಇರಬಹುದು, ಕುಂಟುವವಳು ಇರಬಹುದು. ವಿವಿಧ ಆಗಿರುವುದು ಗುಂಪು, ಇಪ್ಪತ್ತು ಜನ ಸೇರಿ. ಗೌಡರ ಮನೆಯ ಹೆಂಗಸೂ ಆ ವೈವಿಧ್ಯದ ಒಂದು ಭಾಗವೇ; ಅವಳೇನೂ ಅಳತೆಗೋಲಲ್ಲ. ಇಬ್ಬರಿಗೆ ಮಾತ್ರ ಆ ಪದ ಹಚ್ಚಿದರೆ ಅದು ಜಾತಿಯ ಹೆಸರನ್ನು ನಯವಾಗಿ ಹೇಳಿದಂತಾಯಿತು, ಅಷ್ಟೇ. ಜಾತಿಯ ಹೆಸರು ಹೇಳಬೇಕಾದಲ್ಲಿ ನೇರವಾಗಿ ಹೇಳುವುದು ವಾಸಿ. ‘ಪರಿಶಿಷ್ಟ ಜಾತಿಯ ಇಬ್ಬರು ಇದ್ದಾರೆ, ಇದುವರೆಗೂ ಅವರಿಗೆ ಸಾಲದ ಸರದಿ ಬಂದಿಲ್ಲ’ ಎಂದು ಬರೆದರೆ ಅದರಿಂದ ಏನಾದರೂ ಕೆಲಸ ಆಗುತ್ತದೆ.

ಎಣಿಸುವುದೇ ಆದರೆ ತಲೆ ಎಣಿಸಬೇಡಿ, ಬೇರೆಯದನ್ನು ಎಣಿಸಿ. ಬ್ಯಾಂಕಿನಲ್ಲಿ ಸಹಿ ಹಾಕುವವರು ಯಾರು? ಲೆಕ್ಕದ ಪುಸ್ತಕ ಯಾರ ಮನೆಯಲ್ಲಿ? ವಾರದ ಸಭೆ ಯಾರ ಜಗಲಿಯಲ್ಲಿ ನಡೆಯುತ್ತದೆ, ಆ ಜಗಲಿಗೆ ಎಲ್ಲರೂ ಹತ್ತುತ್ತಾರೆಯೇ? ಚಹಾ ಒಂದೇ ಲೋಟದಲ್ಲೋ, ಕೆಲವರಿಗೆ ಮಾತ್ರ ಪ್ಲಾಸ್ಟಿಕ್ ಲೋಟವೋ? ಸಂಘದ ವಾರ್ಷಿಕೋತ್ಸವವನ್ನು ಅರಿಶಿನ ಕುಂಕುಮದಿಂದ ಶುರು ಮಾಡುತ್ತೇವೆ. ಗಂಡ ಸತ್ತವಳು ಆಗ ಏನೋ ಕೆಲಸ ನೆನಪಾದಂತೆ ಹಿಂದಕ್ಕೆ ಸರಿಯುತ್ತಾಳೆ. ಸಂಘಕ್ಕೆ ಹಣ ಕಟ್ಟುವಾಗ ಆಕೆಯ ಹಣೆ ಯಾರೂ ನೋಡುವುದಿಲ್ಲವಲ್ಲ!

ಇಲ್ಲಿ ಒಂದು ಮಾತನ್ನು ಪ್ರಾಮಾಣಿಕವಾಗಿ ಹೇಳಬೇಕು. ಸ್ವಸಹಾಯ ಸಂಘಗಳನ್ನು ಕಟ್ಟುವಾಗಲೇ ಒಂದೇ ಬಗೆಯ ಹೆಂಗಸರನ್ನು ಸೇರಿಸಿ ಎಂದು ಹೇಳಿಕೊಡಲಾಗಿದೆ. 80ರ ದಶಕದಲ್ಲಿ ಕರ್ನಾಟಕದಲ್ಲಿ ಮೈರಾಡ ಸಂಸ್ಥೆ ಇಂಥ ಗುಂಪುಗಳನ್ನು ಕಟ್ಟಿದಾಗ ಸದಸ್ಯರ ನಡುವಿನ ಒಲವು, ನಂಬಿಕೆಯೇ ಮುಖ್ಯ ಎಂದು ಹೇಳಿತು. 1992ರಲ್ಲಿ ನಬಾರ್ಡ್ ಬ್ಯಾಂಕು 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಶುರು ಮಾಡಿದ ಮೇಲೂ ಇದೇ ರೂಢಿ ಮುಂದುವರಿಯಿತು. ಅದರಲ್ಲಿ ಅರ್ಥವಿಲ್ಲದೆ ಇಲ್ಲ. ಒಬ್ಬಳು ಕಂತು ತಪ್ಪಿಸಿದರೆ ಉಳಿದವರು ಹೊರಬೇಕು. ಪರಸ್ಪರ ಮನೆಯ ಕಷ್ಟ ಗೊತ್ತಿರುವವರೇ ಒಟ್ಟಿಗಿದ್ದರೆ ಆ ಭಾರ ಹಗುರ. ಬಡವಿಯರು ಶ್ರೀಮಂತರ ಜೊತೆ ಕೂತರೆ ಬಾಯಿ ಬಿಡುವುದಿಲ್ಲ ಎಂಬುದೂ ನಿಜ. ಆದ್ದರಿಂದ ಎಲ್ಲ ಸಂಘಗಳನ್ನೂ ಒಡೆದು ಕಲಸಿಬಿಡಿ ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವವರು ಸಾಲದ ಕಂತು ಕಟ್ಟಿದವರಲ್ಲ.

ಆದರೆ ಉಳಿತಾಯಕ್ಕೆ ಅನುಕೂಲವಾದದ್ದು ಹೊಡೆತದ ವಿಷಯಕ್ಕೆ ಬಂದಾಗ ತೊಡಕಾಗುತ್ತದೆ. ಹೀಗೊಂದು ಸಂದರ್ಭ ಇಟ್ಟುಕೊಳ್ಳಿ. ಒಂದು ಕೇರಿ, ಒಂದೇ ಜಾತಿ, ಒಂದು ಸಂಘ. ಸಂಘದ ಒಬ್ಬಳಿಗೆ ಗಂಡ ದಿನಾ ಹೊಡೆಯುತ್ತಾನೆ, ತವರಿನಿಂದ ಇನ್ನೂ ಹಣ ತಾ ಎನ್ನುತ್ತಾನೆ. ಸಭೆಗೆ ಬರುತ್ತಾಳೆ. ಸುತ್ತ ಕೂತವರು ಯಾರು? ಅತ್ತೆಯ ತಂಗಿ, ನಾದಿನಿ, ಓರಗಿತ್ತಿ, ಗಂಡನ ದೊಡ್ಡಮ್ಮನ ಸೊಸೆ. ಅವಳು ಹೊರಗಿನಿಂದ ಮದುವೆಯಾಗಿ ಬಂದವಳು. ಯಾರ ಮುಂದೆ ಬೆನ್ನು ತೋರಿಸಬೇಕು? ಅವಳಿಗೆ ಆಗ ಬೇಕಾಗಿರುವುದು ಪಕ್ಕದ ಕೇರಿಯ ಹೆಂಗಸು, ಅವಳ ಗಂಡನ ಮನೆಯ ಜೊತೆ ಹಂಗು ಮುಲಾಜು ಯಾವುದೂ ಇಲ್ಲದವಳು. ವೈವಿಧ್ಯದಿಂದ ನಮಗೇನು ಪ್ರಯೋಜನ ಎಂದು ಯಾರಾದರೂ ಕೇಳಿದರೆ ನಾನು ಈ ಉತ್ತರ ಕೊಡುತ್ತೇನೆ. ಒಕ್ಕೂಟಗಳು ಇರುವುದೇ ಇದಕ್ಕೆ.

ಆದರೆ ಪಕ್ಕದ ಕೇರಿಯ ಹೆಂಗಸು ಏನನ್ನುತ್ತಾಳೆ? ‘ನಾವು ಹೇಗೆ ಹೋಗೋದು ಅಕ್ಕ? ಅವರಲ್ಲಿ ಅದು ಹಾಗೇ.’

ಈ ಮೂರು ಪದಗಳಷ್ಟು ಹೆಣ್ಣುಮಕ್ಕಳ ಬಾಯಿ ಮುಚ್ಚಿಸಿದ ಮಾತು ಬೇರೆ ಇಲ್ಲವೇನೋ. ಕೇಳಲು ಬಹಳ ಮರ್ಯಾದೆಯ ಮಾತು. ಬೇರೆಯವರ ಪದ್ಧತಿಯನ್ನು ಗೌರವಿಸಿದಂತೆ ಇರುತ್ತದೆ. ನಿಜವಾಗಿ ಅದು ಬಾಗಿಲು ಹಾಕಿಕೊಂಡ ಸದ್ದು. ಅದರ ಜೊತೆಗೆ ಅದರ ಅವಳಿಯೂ ಬರುತ್ತದೆ: ‘ನಮ್ಮಲ್ಲಿ ಅದೆಲ್ಲ ಇಲ್ಲ.’ ಎಲ್ಲ ಜಾತಿಯವರೂ ತಮ್ಮಲ್ಲಿಲ್ಲ ಎನ್ನುತ್ತಾರೆ, ಎಲ್ಲರೂ ಪಕ್ಕದವರ ಕಡೆ ಬೆರಳು ತೋರಿಸುತ್ತಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 18ರಿಂದ 49 ವರ್ಷದ ವಿವಾಹಿತ ಮಹಿಳೆಯರಲ್ಲಿ ಶೇ. 44ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದರು. ಇಷ್ಟು ದೊಡ್ಡ ಸಂಖ್ಯೆ ಯಾವುದೋ ಒಂದು ಕೇರಿಯೊಳಗೆ ಹಿಡಿಸುವುದಿಲ್ಲ.

ವರದಕ್ಷಿಣೆಯನ್ನೇ ತೆಗೆದುಕೊಳ್ಳಿ. ಒಂದು ಕಡೆ ವರೋಪಚಾರ ಎನ್ನುತ್ತಾರೆ, ಇನ್ನೊಂದು ಕಡೆ ಹುಂಡಾ, ಮತ್ತೊಂದು ಕಡೆ ಜಹೇಜ್, ತೆಲುಗರು ಕಟ್ನಂ, ಕೇರಳದವರು ಸ್ತ್ರೀಧನಂ. ಹೆಸರುಗಳಲ್ಲಿ ಎಷ್ಟೊಂದು ವೈವಿಧ್ಯ ನೋಡಿ! ಹಣ ಹರಿಯುವ ದಿಕ್ಕು ಮಾತ್ರ ಒಂದೇ. ‘ನಾವು ಕೇಳುವುದಿಲ್ಲ, ಅವರೇ ಪ್ರೀತಿಯಿಂದ ಕೊಡುತ್ತಾರೆ, ನಮ್ಮ ಸಂಪ್ರದಾಯ’ ಎನ್ನುವ ಮಾತೂ ಒಂದೇ.

ಆದರೆ ಹಿಂದೆ ನಿಜವಾಗಿಯೂ ಬೇರೆ ಬೇರೆ ಇತ್ತು. ನಮ್ಮ ಎಷ್ಟೋ ಸಮುದಾಯಗಳಲ್ಲಿ ಗಂಡಿನವರು ಹೆಣ್ಣಿನವರಿಗೆ ತೆರ ಕೊಡುತ್ತಿದ್ದರು. 1942ರಲ್ಲಿ ಪ್ರಕಟವಾದ ಎಂ.ಎನ್. ಶ್ರೀನಿವಾಸ್ ಅವರ ಮೈಸೂರು ಸೀಮೆಯ ಮದುವೆ, ಕುಟುಂಬಗಳನ್ನು ಕುರಿತ ಪುಸ್ತಕದಲ್ಲಿ ತೆರದ ವಿಚಾರ ಬರುತ್ತದೆ. ತುಳುನಾಡಿನ ಅಳಿಯಸಂತಾನದ ಮನೆಗಳಲ್ಲಿ ಆಸ್ತಿ ತಾಯಿಯ ಕಡೆಯಿಂದ ಇಳಿಯುತ್ತಿತ್ತು. ಮುಸ್ಲಿಮರಲ್ಲಿ ಗಂಡ ಹೆಂಡತಿಗೇ ಮೆಹರ್ ಕೊಡಬೇಕು. ಇವನ್ನೆಲ್ಲ ಬಂಗಾರದ ಕಾಲ ಎಂದು ಹೊಗಳುವುದು ಬೇಡ; ತೆರ ಕೊಟ್ಟು ತಂದವಳು ಬಿಟ್ಟು ಹೊರಟರೆ ತೆರ ವಾಪಸು ಕೊಡು ಎಂದು ಹಿಡಿದಿಡುತ್ತಿದ್ದದ್ದೂ ಇತ್ತು. ಆದರೂ ಅದು ಬಗೆಬಗೆ ಎನ್ನಬಹುದಾದ ಸ್ಥಿತಿ. ಅದನ್ನು ಅಳಿಸಿದ್ದು ಯಾವುದು? ಶ್ರೀನಿವಾಸ್ ಅವರೇ 1984ರಲ್ಲಿ ವರದಕ್ಷಿಣೆಯ ಬಗ್ಗೆ ಬರೆದಾಗ, ಇಂದಿನ ವರದಕ್ಷಿಣೆ ಹಳೆಯ ಕನ್ಯಾದಾನದ ಉಡುಗೊರೆಯಲ್ಲ, ಬ್ರಿಟಿಷರ ಕಾಲದಿಂದ ನಗದು ಹಣ, ಇಂಗ್ಲಿಷ್ ಓದು, ಸಂಬಳದ ನೌಕರಿ ಬಂದ ಜೊತೆಗೆ ಬೆಳೆದ ಹೊಸ ಪಿಡುಗು ಎಂದು ವಾದಿಸಿದರು. ಮೇಲಿನವರು ಮಾಡಿದ್ದನ್ನು ಮಾಡಿದರೆ ನಾವೂ ಮೇಲೇರುತ್ತೇವೆ ಎಂದು ಒಂದೊಂದು ಸಮುದಾಯವೂ ತೆರ ಬಿಟ್ಟು ವರದಕ್ಷಿಣೆ ಹಿಡಿಯಿತು. ಅಜ್ಜಿಯ ಮದುವೆಗೆ ತೆರ ಬಂತು, ಮೊಮ್ಮಗಳ ಮದುವೆಗೆ ಹೊಲ ಅಡವಿಗೆ ಹೋಯಿತು. ನಮ್ಮನ್ನೆಲ್ಲ ಒಂದೇ ಅಚ್ಚಿಗೆ ಹಾಕಿದ್ದು ವರದಕ್ಷಿಣೆ. ಅದನ್ನು ‘ನಮ್ಮಲ್ಲಿನ ವಿಶೇಷ’ ಎಂದು ಕಾಪಾಡುವವರಿಗೆ ಇದನ್ನು ಹೇಳಿ.

ಮೆಹರ್ ವಿಷಯದಲ್ಲಿ ಕಾನೂನು ಒಂದು ಒಳ್ಳೆಯ ಕೆಲಸ ಮಾಡಿದೆ. 1961ರ ವರದಕ್ಷಿಣೆ ನಿಷೇಧ ಕಾಯಿದೆ ಎಲ್ಲ ಧರ್ಮದವರಿಗೂ ಅನ್ವಯಿಸುತ್ತದೆ. ಆದರೆ ವರದಕ್ಷಿಣೆ ಎಂದರೆ ಏನು ಎಂದು ಹೇಳುವಾಗಲೇ ಮೆಹರನ್ನು ಹೊರಗಿಟ್ಟಿದೆ. ಯಾಕೆ? ಮೆಹರ್ ಆ ಹೆಣ್ಣಿನ ಕೈಗೆ ಸೇರಬೇಕಾದ ಹಕ್ಕು. ಜಹೇಜಿಗೆ ಆ ವಿನಾಯಿತಿ ಇಲ್ಲ. ಯಾರಿಂದ ಯಾರಿಗೆ ಹೋಗುತ್ತದೆ, ಯಾರಿಗೆ ಬೇಡ ಎನ್ನುವ ಧೈರ್ಯ ಉಂಟು ಎಂದು ನೋಡಿ ಬೇರೆ ಮಾಡಿದರೆ ಅದು ಬಗೆದು ಮಾಡಿದ ಕೆಲಸ.

ಸಮುದಾಯದ ‘ಬೇರೆತನ’ದ ಹೆಸರಿನಲ್ಲಿ ಹೆಣ್ಣಿಗೆ ಅನ್ಯಾಯ ಮಾಡಿದ್ದಕ್ಕೆ ಪಕ್ಕದ ಕೇರಳದಲ್ಲಿ ಒಂದು ದೊಡ್ಡ ಉದಾಹರಣೆ ಇದೆ. ಅಲ್ಲಿನ ಸಿರಿಯನ್ ಕ್ರೈಸ್ತರಿಗೆ 1916ರ ತಿರುವಾಂಕೂರು ಕ್ರೈಸ್ತ ಉತ್ತರಾಧಿಕಾರ ಕಾಯಿದೆ ಎಂದು ಬೇರೆಯೇ ಕಾನೂನು. ಉಯಿಲು ಬರೆಯದೆ ತಂದೆ ಸತ್ತರೆ ಮಗಳಿಗೆ ಮಗನ ಪಾಲಿನ ಕಾಲುಭಾಗ, ಇಲ್ಲವೇ 5,000 ರೂಪಾಯಿ. ಎರಡರಲ್ಲಿ ಯಾವುದು ಕಡಿಮೆಯೋ ಅದು. ಸ್ತ್ರೀಧನಂ ಕೊಟ್ಟಿದ್ದರೆ, ಕೊಡುತ್ತೇನೆ ಎಂದು ಮಾತು ಕೊಟ್ಟಿದ್ದರೂ ಸರಿಯೇ, ಅದೂ ಇಲ್ಲ! ವರದಕ್ಷಿಣೆಯನ್ನೇ ಕಾನೂನಿನ ಪುಸ್ತಕದಲ್ಲಿ ಬರೆದು ಆಸ್ತಿ ಕಿತ್ತುಕೊಂಡ ಕಥೆ ಇದು. ಶಾಲೆ ನಡೆಸುತ್ತಿದ್ದ ಮೇರಿ ರಾಯ್ ಸ್ವಂತ ಅಣ್ಣನ ವಿರುದ್ಧವೇ ಸುಪ್ರೀಂ ಕೋರ್ಟಿಗೆ ಹೋದರು. 1986ರಲ್ಲಿ ನ್ಯಾಯಾಲಯ ಆ ಹಳೆಯ ಕಾಯಿದೆ ನಿಲ್ಲುವುದಿಲ್ಲ, 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ ಪ್ರಕಾರ ಮಗಳಿಗೂ ಸಮಪಾಲು ಎಂದಿತು. ಸಮುದಾಯದ ಮುಖಂಡರು ನಮ್ಮ ಸಂಪ್ರದಾಯ ಹಾಳಾಯಿತು ಎಂದು ಗದ್ದಲ ಎಬ್ಬಿಸಿದರು. ಮೇರಿ ರಾಯ್ ಅದೇ ಸಂಪ್ರದಾಯದ ಹೆಣ್ಣುಮಗಳಲ್ಲವೇ? ಒಂದು ಸಮುದಾಯದ ಪದ್ಧತಿ ಏನು ಎಂದು ಹೇಳುವಾಗ ಆ ಸಮುದಾಯದ ಗಂಡಸರನ್ನು ಮಾತ್ರ ಕೇಳಿ ಬರೆದುಕೊಳ್ಳುತ್ತೇವೆ. ಒಳಗಿನ ವೈವಿಧ್ಯ ಅಲ್ಲೇ ಸತ್ತಿತು.

ನಮ್ಮಲ್ಲೇ ದೇವದಾಸಿ ಪದ್ಧತಿ ಇರಲಿಲ್ಲವೇ? ಅದನ್ನೂ ಸಂಸ್ಕೃತಿ ಎಂದರು, ದೇವಿಯ ಇಚ್ಛೆ ಎಂದರು. ಮುತ್ತು ಕಟ್ಟಿಸಿಕೊಂಡವರಲ್ಲಿ ಹೆಚ್ಚಿನವರು ದಲಿತರ ಮನೆಯ ಹೆಣ್ಣುಮಕ್ಕಳೇ ಏಕೆ ಎಂದು ಕೇಳಲಿಲ್ಲ. 1982ರಲ್ಲಿ ಕರ್ನಾಟಕ ಅದನ್ನು ನಿಷೇಧಿಸಿ ಕಾಯಿದೆ ಮಾಡಿತು. ಇನ್ನೂ ಹಿಂದಕ್ಕೆ ಹೋದರೆ, 1916ರಲ್ಲಿ ಅಂಬೇಡ್ಕರ್ ಎಂಬ ಯುವಕ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಒಂದು ಪ್ರಬಂಧ ಓದಿದರು. ಜಾತಿಯ ಗುಟ್ಟು ಇರುವುದು ತಮ್ಮತಮ್ಮಲ್ಲೇ ಮದುವೆ ಮಾಡಿಕೊಳ್ಳುವುದರಲ್ಲಿ; ಸತಿ, ಬಲವಂತದ ವೈಧವ್ಯ, ಬಾಲ್ಯವಿವಾಹ ಇವೆಲ್ಲ ಆ ಬೇಲಿಯನ್ನು ಕಾಯಲು ಮಾಡಿಕೊಂಡ ಉಪಾಯಗಳು ಎಂದು ತೋರಿಸಿದರು. ಬೇಲಿಯ ಗೂಟಗಳನ್ನು ನೆಟ್ಟದ್ದು ನಮ್ಮ ಮೈಮೇಲೆ. ಆದ್ದರಿಂದ ಜಾತಿಜಾತಿಗೊಂದು ಸಂಪ್ರದಾಯ ಎಂದು ಯಾರಾದರೂ ಹಿಗ್ಗಿದರೆ ನಮಗೆ ಅಷ್ಟು ಸುಲಭವಾಗಿ ಹಿಗ್ಗಲು ಆಗುವುದಿಲ್ಲ.

ಇದಕ್ಕೆ ತಿರುಗಿ ಕೆಲವರು ಕೇಳುತ್ತಾರೆ: ‘ಹಾಗಾದರೆ ಈ ವೈವಿಧ್ಯದ ಗೊಡವೆಯೇ ಬೇಡ. ಹೆಂಗಸರೆಲ್ಲ ಒಂದೇ ಎಂದುಬಿಡೋಣ.’ ಚಳವಳಿಯ ಆರಂಭದ ದಿನಗಳ ಘೋಷಣೆ ಇದು. ಆ ದಿನಗಳಲ್ಲಿ ಅದು ಬೇಕಿತ್ತು, ಶಕ್ತಿ ಕೊಟ್ಟಿತು. ಆದರೆ ಅದೊಂದೇ ಸಾಲದು. ರಾಜಸ್ಥಾನದ ಭಂವರಿ ದೇವಿಯ ಹೆಸರು ನೀವು ಕೇಳಿದ್ದೀರಿ. ಕುಂಬಾರರ ಹೆಣ್ಣುಮಗಳು, ಸರ್ಕಾರದ ಮಹಿಳಾ ಕಾರ್ಯಕ್ರಮದ ಕಾರ್ಯಕರ್ತೆ. ಮೇಲಿನ ಜಾತಿಯವರ ಮನೆಯ ಬಾಲ್ಯವಿವಾಹ ತಡೆಯಲು ಹೋದದ್ದಕ್ಕೆ 1992ರಲ್ಲಿ ಆಕೆಯ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. 1995ರಲ್ಲಿ ಕೆಳಗಿನ ನ್ಯಾಯಾಲಯ ಅತ್ಯಾಚಾರದ ಆರೋಪದಿಂದ ಎಲ್ಲರನ್ನೂ ಬಿಟ್ಟಿತು. ಆಕೆಯ ಪ್ರಕರಣದ ಕಿಡಿಯಿಂದ 1997ರಲ್ಲಿ ಸುಪ್ರೀಂ ಕೋರ್ಟಿನ ವಿಶಾಖಾ ತೀರ್ಪು ಬಂತು, 2013ರಲ್ಲಿ ಕೆಲಸದ ಸ್ಥಳದ ಲೈಂಗಿಕ ಕಿರುಕುಳದ ವಿರುದ್ಧ ಕಾಯಿದೆ ಬಂತು. ಇಂದು ಬೆಂಗಳೂರಿನ ಗಾಜಿನ ಕಚೇರಿಯ ಹೆಣ್ಣುಮಗಳಿಗೂ ಅದರ ನೆರಳಿದೆ. ಭಂವರಿ ದೇವಿಯ ಕೈಗೆ ಮಾತ್ರ ವರ್ಷಗಟ್ಟಲೆ ನ್ಯಾಯ ಬರಲಿಲ್ಲ. ಹೆಂಗಸರೆಲ್ಲ ಒಂದೇ ಎಂದರೆ ಈ ವ್ಯತ್ಯಾಸವನ್ನು ಎಲ್ಲಿಡುವುದು? ಆಕೆಗೆ ಆದದ್ದು ಹೆಣ್ಣೆಂದು ಮಾತ್ರ ಅಲ್ಲ, ಕೆಳಗಿನ ಜಾತಿಯ ಹೆಣ್ಣು ಮೇಲಿನವರ ಮನೆ ಬಾಗಿಲಿಗೆ ಹೋಗಿ ಬೇಡ ಎಂದಳೆಂದು.

ಪಕ್ಕದ ಕೇರಿಯ ಹೆಂಗಸು ಹೊಡೆತ ತಿಂದು ಬಂದಾಗ ಏನು ಮಾಡಬೇಕೆಂಬ ಪ್ರಶ್ನೆ ಹಾಗೇ ಉಳಿದಿದೆ. ಕಾನೂನು ಅವಳ ಜಾತಿ ಕೇಳುವುದಿಲ್ಲ. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯಿದೆ 2006ರ ಅಕ್ಟೋಬರಿನಿಂದ ಜಾರಿಯಲ್ಲಿದೆ, ಎಲ್ಲ ಧರ್ಮದ ಹೆಂಗಸರಿಗೂ. ಗಂಡನ ಮನೆಯಲ್ಲೇ ಉಳಿಯುವ ಹಕ್ಕು ಅದರಲ್ಲಿದೆ. ಸಂರಕ್ಷಣಾಧಿಕಾರಿಯ ಬಳಿ ದೂರು ಕೊಡಬಹುದು. ಹಳೆಯ 498ಎ ಕಲಮು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಮು ಆಗಿದೆ, ವರದಕ್ಷಿಣೆ ಸಾವಿನ ಕಲಮು 80. ಮಹಿಳಾ ಸಹಾಯವಾಣಿ 181. ಇಷ್ಟು ಗೊತ್ತಿದ್ದರೆ ಯಾವ ಕೇರಿಗಾದರೂ ಹೋಗಬಹುದು.

ಹೋಗುವ ರೀತಿ ಮಾತ್ರ ನೋಡಿಕೊಳ್ಳಬೇಕು. ‘ನಿಮ್ಮಲ್ಲಿ ಗಂಡಸರು ಹಾಗೇ ಅಲ್ಲವೇ’ ಎಂದು ಶುರು ಮಾಡಿದರೆ ಅವಳು ತನ್ನ ಜನರ ಮಾನ ಉಳಿಸಲು ಗಂಡನ ಪರವೇ ಮಾತಾಡುತ್ತಾಳೆ. ಒಬ್ಬ ಮುಸ್ಲಿಂ ಹೆಂಗಸು, ಒಬ್ಬ ದಲಿತ ಹೆಂಗಸು ಠಾಣೆಗೆ ಹೋಗಲು ಹೆದರುವುದಕ್ಕೆ ಗಂಡನ ಭಯ ಒಂದೇ ಕಾರಣವಲ್ಲ; ಠಾಣೆಯಲ್ಲಿ ತನ್ನ ಗಂಡನಿಗೆ, ಅಣ್ಣತಮ್ಮಂದಿರಿಗೆ, ಇಡೀ ಕೇರಿಗೆ ಏನಾಗುತ್ತದೋ ಎಂಬ ಭಯವೂ ಇರುತ್ತದೆ. ಮೇಲಿನ ಜಾತಿಯವಳಿಗೆ ಮನೆತನದ ಹೆಸರಿನ ಭಯ. ಹೊಡೆತ ಒಂದೇ, ಹೊರಗೆ ಬರುವ ದಾರಿ ಬೇರೆ ಬೇರೆ. ಅವಳ ಹೊಸ್ತಿಲಲ್ಲಿ ಯಾವ ಕಲ್ಲು ಬಿದ್ದಿದೆ ಎಂದು ಅವಳನ್ನೇ ಕೇಳಬೇಕು: ನಿನಗೆ ಏನಾಗಬೇಕು, ಮೊದಲು ಯಾರ ಹತ್ತಿರ ಹೋಗೋಣ, ಯಾರಿಗೆ ಹೇಳಬಾರದು? ನಮ್ಮ ಉತ್ತರವನ್ನು ಅವಳ ಬಾಯಲ್ಲಿ ಇಡಬಾರದು.

ಊಟಕ್ಕೆ ಇನ್ನೂ ಒಂದು ಗಂಟೆ ಇದೆ. ಈಗ ಗುಂಪುಗಳಾಗಿ ಕೂರುತ್ತೇವೆ. ದಯವಿಟ್ಟು ಒಂದೇ ಊರಿನವರು ಒಂದೇ ಗುಂಪಿನಲ್ಲಿ ಕೂರಬೇಡಿ. ಪ್ರತಿ ಗುಂಪಿಗೂ ಒಂದೊಂದು ಹಾಳೆ ಕೊಟ್ಟಿದೆ. ಕಳೆದ ಒಂದು ವರ್ಷದಲ್ಲಿ ನಿಮ್ಮ ಸಂಘದ ಮುಂದೆ ಬಂದ ಹಿಂಸೆಯ ಪ್ರಕರಣಗಳು ಎಷ್ಟು, ಅದರಲ್ಲಿ ಬೇರೆ ಕೇರಿಯ ಹೆಂಗಸರದು ಎಷ್ಟು ಎಂದು ಬರೆಯಿರಿ. ಬಂದಿಲ್ಲ ಎಂದಾದರೆ ಬಂದಿಲ್ಲ ಎಂದೇ ಬರೆಯಿರಿ. ಯಾಕೆ ಬರಲಿಲ್ಲ ಎನ್ನುವುದಕ್ಕೆ ಹಾಳೆಯ ಹಿಂಬದಿಯಲ್ಲಿ ಜಾಗ ಇದೆ.